ಕಡಲಿನ ಚಿತ್ರಕಾರ ವಿಲ್ಲೆಮ್ ವಾನ್ ಡೆ ವೆಲ್ಡೆ

ಯುದ್ಧದಲ್ಲಿ ಗೆದ್ದವರ ಚರಿತ್ರೆಯನ್ನು ಬರೆದವರು ಬಹು ಮಂದಿ. ಆದರೆ ಯುದ್ಧಕ್ಕೆ ಮುಂಚೆ ಲಂಗರು ಹಾಕಿ ನಿಂತ ಹಡಗುಗಳನ್ನು ಕಣ್ಣಾರೆ ಕಂಡು ಚಿತ್ರಿಸಿಟ್ಟವರು ವಿರಳ. ಅಂಥವರಲ್ಲಿ ಅಗ್ರಗಣ್ಯನಾದ ಹಿರಿಯ ವಿಲ್ಲೆಮ್ ವಾನ್ ಡೆ ವೆಲ್ಡೆಯ ಜೀವನವನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಮಕ್ಕಳ ತಾಯಿತಂದೆಗಳಿಗೂ ಸಂಕ್ಷೇಪವಾಗಿ ತಿಳಿಸಲಿಚ್ಛಿಸುತ್ತೇವೆ.

ಈತನು 1611ರಲ್ಲಿ ಹಾಲೆಂಡಿನ ಲೈಡನ್ ಪಟ್ಟಣದಲ್ಲಿ ಹಡಗು ನಡೆಸುವವನೊಬ್ಬನ ಮಗನಾಗಿ ಹುಟ್ಟಿದನು. ಮುಂದೆ ಆಮ್‌ಸ್ಟರ್‌ಡಾಮ್ ನಗರದಲ್ಲಿ ನೆಲಸಿದನು. ಈತನಿಗೆ ಬಣ್ಣಕ್ಕಿಂತ ಲೇಖನಿಯೇ ಪ್ರಿಯವಾಗಿತ್ತು. ಬಿಳಿಯ ಲೇಪ ಹಚ್ಚಿದ ಹಲಗೆಯ ಅಥವಾ ಬಟ್ಟೆಯ ಮೇಲೆ ಮಸಿಯಿಂದ ಒಂದೊಂದು ಹಗ್ಗವನ್ನೂ, ತೋಪುಗಳ ಕಂಡಿಗಳನ್ನೂ, ಹಡಗಿನ ಹಿಂಭಾಗದ ಕೆತ್ತನೆಗಳನ್ನೂ ತಪ್ಪಿಲ್ಲದೆ ಬಿಡಿಸುತ್ತಿದ್ದನು. 1633ರಲ್ಲಿ ಹುಟ್ಟಿದ ಮಗನಿಗೂ ವಿಲ್ಲೆಮ್ ಎಂದೇ ಹೆಸರು. ಅವನೂ ಅವನ ತಮ್ಮನಾದ ಆಡ್ರಿಯಾನನೂ ಚಿತ್ರಕಾರರಾದರು.

ಕೇಳಿದ ಸುದ್ದಿಯನ್ನು ಚಿತ್ರಿಸುವುದು ಈತನ ಮನಸ್ಸಿಗೆ ಒಪ್ಪಲಿಲ್ಲ. ಆದುದರಿಂದ ಚಿಕ್ಕ ಹಡಗನ್ನೇರಿ ನೌಕಾಸೈನ್ಯದ ಸಂಗಡ ಹೋಗುತ್ತಿದ್ದನು. 1653ರ ಟೆರ್‌ಹೈಡೆ ಯುದ್ಧದ ಚಿತ್ರದಲ್ಲಿ ತಾನು ಕುಳಿತು ಬರೆಯುತ್ತಿರುವುದನ್ನೂ ತೋರಿಸಿರುವನು. ಕಂಡೇ ಬರೆದೆನೆಂಬ ಸಾಕ್ಷಿಯಂತೆ ಅದು ಇರುತ್ತದೆ.

1666ರ ಜೂನ್ 10ನೆಯ ದಿನ ಡಚ್ಚರ ನೌಕಾಧಿಪತಿಯಾದ ಮಿಖಿಯೆಲ್ ಡಿ ರಾಯ್ಟರನು ತನ್ನ ನಾಯಕರನ್ನು ಏಳು ಪ್ರಾಂತಗಳೆಂಬ ಹೆಸರಿನ ಹಡಗಿಗೆ ಆಲೋಚನೆಗಾಗಿ ಕರೆಸಿದನು. ಆ ಸಭೆಯ ದಿನವನ್ನು ನಮ್ಮ ಚಿತ್ರಕಾರನು ಬರೆದಿಟ್ಟನು. ಅವನ ಚಿತ್ರದಲ್ಲಿ ಮಹಾ ಹಡಗುಗಳು ಸುಮ್ಮನೆ ನಿಂತಿವೆ. ಅವುಗಳ ನಡುವೆ ಸಣ್ಣ ದೋಣಿಗಳು ಓಡಾಡುತ್ತಿವೆ. ಮರುದಿನವೇ ಇಂಗ್ಲಿಷರೊಡನೆ ಯುದ್ಧವು ಆರಂಭವಾಗಿ ನಾಲ್ಕು ದಿನ ನಡೆಯಿತು. ಡಚ್ಚರಲ್ಲಿ ಕಾರ್ನೆಲಿಸ್ ಎವರ್ಟ್‌ಸನ್ ಮೊದಲಾದ ನಾಯಕರು ಮಡಿದರು. ಇಂಗ್ಲಿಷರ ರಾಯಲ್ ಪ್ರಿನ್ಸ್ ಎಂಬ ಹಡಗು ಮರಳುದಿಬ್ಬಕ್ಕೆ ಸಿಕ್ಕಿ ಸೆರೆಯಾಗಿ ಸುಟ್ಟುಹೋಯಿತು. ಇದನ್ನು ತಿಳಿದು ಆ ಪ್ರಶಾಂತವಾದ ಚಿತ್ರವನ್ನು ನೋಡುವವರಿಗೆ, ಆ ದೋಣಿಗಳಲ್ಲಿ ಎಷ್ಟು ಮಂದಿ ಮನೆಗೆ ಹಿಂದಿರುಗಿದರೋ ಎಂದು ಎದೆ ಕುಗ್ಗದಿರದು.

1672ರಲ್ಲಿ ಫ್ರಾನ್ಸ್ ಮತ್ತು ಇಂಗ್ಲೆಂಡುಗಳು ಕೂಡಿ ಹಾಲೆಂಡಿನ ಮೇಲೆ ಬಿದ್ದುವು. ಆಡ್ರಿಯಾನನು ಆ ವರ್ಷವೇ ತೀರಿಕೊಂಡನು. ದೇಶದಲ್ಲಿ ಶತ್ರುಸೈನ್ಯವು ತುಂಬಿರಲು ಚಿತ್ರಗಳನ್ನು ಕೊಳ್ಳುವವರಾರು? ಆ ಚಳಿಗಾಲದಲ್ಲಿ ಮುದುಕನಾದ ತಂದೆಯು ಹಿರಿಯ ಮಗನೊಡನೆ ಇಂಗ್ಲೆಂಡಿಗೆ ಹೋದನು. 1674ರಲ್ಲಿ ಎರಡನೆಯ ಚಾರ್ಲ್ಸ್ ಅರಸನು ಅವರಿಗೆ ವರ್ಷಕ್ಕೆ ತಲಾ 100 ಪೌಂಡು ಸಂಬಳವನ್ನು ಗೊತ್ತುಮಾಡಿದನು. ಯುದ್ಧದ ರೇಖೆಗಳನ್ನು ಬರೆಯುವುದು ತಂದೆಯ ಕೆಲಸ, ಅವುಗಳಿಗೆ ಬಣ್ಣ ತುಂಬುವುದು ಮಗನ ಕೆಲಸ. ಗ್ರೀನಿಚ್ಚಿನಲ್ಲಿ ರಾಣಿಯ ಮನೆಯೆಂಬ ಕಟ್ಟಡದೊಳಗೆ ಅವರ ಕೆಲಸಕ್ಕೆ ಸ್ಥಳವು ದೊರೆಯಿತು.

ಸ್ವದೇಶದ ಮೇಲೆ ಯುದ್ಧಮಾಡುತ್ತಿದ್ದ ಅರಸನ ಆಶ್ರಯಕ್ಕೆ ಹೋದುದು ಸರಿಯೇ? ಈ ಪ್ರಶ್ನೆಯನ್ನು ಮರೆಮಾಡಲು ನಮಗೆ ಮನಸ್ಸಿಲ್ಲ. ಹೊಟ್ಟೆಪಾಡಿನ ಕಷ್ಟವನ್ನು ಅರಿತವರು ಬೇಗನೆ ತೀರ್ಪು ಹೇಳಲಾರರು. ಒಂದನ್ನು ಮಾತ್ರ ನಾವು ಹೇಳಬಲ್ಲೆವು: ಯಾರ ಅನ್ನವನ್ನು ಉಂಡಾಗಲೂ ಈತನ ಲೇಖನಿಯು ಎರಡೂ ಪಕ್ಷದ ಹಡಗುಗಳನ್ನು ಅಷ್ಟೇ ಎಚ್ಚರದಿಂದ ಬರೆಯಿತು.

ಈತನು 1693ರಲ್ಲಿ ಲಂಡನ್ನಿನಲ್ಲಿ ಮರಣಹೊಂದಿದನು. ಮಗನು 1707ರಲ್ಲಿ ತೀರಿಕೊಂಡನು. ಅವರಿಬ್ಬರ ಸಾವಿರಕ್ಕೂ ಮಿಕ್ಕ ರೇಖಾಚಿತ್ರಗಳು ಗ್ರೀನಿಚ್ಚಿನ ನೌಕಾ ವಸ್ತುಸಂಗ್ರಹಾಲಯದಲ್ಲಿವೆ. ಆ ಹಡಗುಗಳ ಮರವು ಎಂದೋ ನಾಶವಾಯಿತು. ಕಾಗದದ ಮೇಲಿನ ಗೆರೆಗಳು ಉಳಿದಿವೆ. ನಮ್ಮ ಹೆಣ್ಣುಮಕ್ಕಳು ಚಿತ್ರವನ್ನಾಗಲಿ ಪತ್ರವನ್ನಾಗಲಿ ಬರೆಯುವಾಗ, ಕಂಡುದನ್ನು ಕಂಡಂತೆಯೇ ಬರೆಯುವ ಈ ನಿಷ್ಠೆಯನ್ನು ನೆನೆಯಲಿ. ಸಮಾಧಾನದ ಒಂದು ದಿನವು ಎಷ್ಟು ಬೆಲೆಯುಳ್ಳದ್ದೆಂಬುದನ್ನು ಆ ಲಂಗರು ಹಾಕಿದ ಹಡಗುಗಳಿಂದ ನಾವೆಲ್ಲರೂ ಕಲಿಯುವಂತೆ ದೇವರು ಅನುಗ್ರಹಿಸಲಿ.