ಮೊಸರಿನ ಮೆಚ್ನಿಕಾಫ್

ನಮ್ಮ ಕನ್ನಡ ಸಂಘದ ಚರ್ಚಾಸ್ಪರ್ಧೆಗೆ ಈ ಸಲ ಕೊಟ್ಟಿರುವ ವಿಷಯ, ವಿಜ್ಞಾನದಿಂದ ಮನುಷ್ಯನ ಆಯುಷ್ಯ ಹೆಚ್ಚಬೇಕೆ ಅನ್ನೋದು. ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದದ್ದು ಹೆಚ್ಚಬೇಕು ಎನ್ನುವ ಪಕ್ಷ. ಬೇಡ ಎನ್ನುವವರಿಗೆ ಸರಕಿಗೇನೂ ಬರವಿಲ್ಲ. ಮಗನ ಯೌವನ ಇಸಕೊಂಡು ಸಾವಿರ ವರ್ಷ ಸುಖಪಟ್ಟರೂ ತೃಪ್ತಿಯಾಗದ ಯಯಾತಿ ಇದ್ದಾನೆ. ಕಾರ್ನಾಡರ ನಾಟಕವನ್ನು ನಮ್ಮಲ್ಲಿ ಓದದವರು ಯಾರು? ನನ್ನ ಕಡೆಗೆ ಸಾಕ್ಷಿ ಹೇಳುವವರು ಯಾರಾದರೂ ಇದ್ದಾರಾ ಅಂತ ಲೈಬ್ರರಿಯಲ್ಲಿ ತಡಕಾಡುವಾಗ ಸಿಕ್ಕಿದವನು ಒಬ್ಬ ಗಡ್ಡದ ಮಹಾಶಯ. ಹೆಸರು ಇಲ್ಯಾ ಇಲಿಚ್ ಮೆಚ್ನಿಕಾಫ್. ನಮ್ಮ ಪಠ್ಯದಲ್ಲಿ ಇವನಿಗೆ ಸಿಕ್ಕಿರುವುದು ಒಂದೂವರೆ ಸಾಲು: ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗುತ್ತವೆ ಎಂದು ತೋರಿಸಿದವನು, 1908ರಲ್ಲಿ ನೊಬೆಲ್ ಪಡೆದವನು. ಆ ಒಂದೂವರೆ ಸಾಲಿನ ಹಿಂದೆ ಎಂಥಾ ಬದುಕಿತ್ತು ಅನ್ನುವುದನ್ನು ಓದಿದ ಮೇಲೆ ಸ್ಪರ್ಧೆ ಹಿಂದಕ್ಕೆ ಸರಿಯಿತು. ಈ ಮನುಷ್ಯನ ಕಥೆಯನ್ನು ಮೊದಲು ನಿಮಗೆ ಹೇಳಬೇಕು ಅನ್ನಿಸಿತು.

ಹುಟ್ಟಿದ್ದು 1845ರ ಮೇ ತಿಂಗಳಲ್ಲಿ, ಖಾರ್ಕಿವ್ ಪಟ್ಟಣದ ಸೀಮೆಯ ಒಂದು ಹಳ್ಳಿಯಲ್ಲಿ. ಅದು ಆಗ ರಷ್ಯದ ಚಕ್ರವರ್ತಿಯ ನೆಲ, ಇಂದು ಉಕ್ರೇನಿನದು. ತಂದೆ ಸೈನ್ಯದಲ್ಲಿ ಅಧಿಕಾರಿಯಾಗಿದ್ದವರು. ತಾಯಿ ಯಹೂದಿ ಮೂಲದ ಲೇಖಕನೊಬ್ಬನ ಮಗಳು. ಐದು ಮಕ್ಕಳಲ್ಲಿ ಇವನೇ ಕೊನೆಯವನು, ಒಂದು ಕಡೆ ಕೂತವನಲ್ಲ. ಮನೆಯವರು ಪಾದರಸ ಅಂತಲೇ ಕರೆಯುತ್ತಿದ್ದರಂತೆ. ಚಿಕ್ಕಂದಿನಲ್ಲೇ ಗಿಡಮರಗಳ ಬಗ್ಗೆ ಓದಿಕೊಂಡು ಅಕ್ಕಪಕ್ಕದ ಹುಡುಗರಿಗೆ ಭಾಷಣ ಕೊಡುತ್ತಿದ್ದ. ಕೇಳುವವರು ಎದ್ದು ಹೋಗದಿರಲಿ ಅಂತ ತನ್ನ ಕೈಖರ್ಚಿನ ಕಾಸನ್ನೇ ಅವರಿಗೆ ಹಂಚುತ್ತಿದ್ದ. (ಸಭಿಕರನ್ನು ಸೇರಿಸುವ ಈ ಉಪಾಯವನ್ನು ನಮ್ಮ ಸಂಘದ ಕಾರ್ಯದರ್ಶಿಗಳು ಗಮನಿಸಬೇಕು.) ಖಾರ್ಕಿವ್ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಓದನ್ನು ಎರಡೇ ವರ್ಷದಲ್ಲಿ ಮುಗಿಸಿ, ಜರ್ಮನಿ, ಇಟಲಿ ಸುತ್ತಿ, ಸಮುದ್ರದ ಸಣ್ಣಪುಟ್ಟ ಜೀವಿಗಳು ಮೊಟ್ಟೆಯಿಂದ ಹೇಗೆ ಬೆಳೆಯುತ್ತವೆ ಅನ್ನುವುದನ್ನು ಅಭ್ಯಾಸ ಮಾಡಿದ. 1867ರಲ್ಲಿ, ಇನ್ನೂ ಇಪ್ಪತ್ತೆರಡರ ಹುಡುಗ, ಒಡೆಸ್ಸಾದಲ್ಲಿ ಅಧ್ಯಾಪಕನಾದ.

ಇಲ್ಲಿಯವರೆಗಿನದು ಬುದ್ಧಿವಂತ ಹುಡುಗನ ಕಥೆ. ಮುಂದಿನದು ಹಾಗಲ್ಲ. 1869ರಲ್ಲಿ ಲುಡ್ಮಿಲಾ ಎಂಬವಳನ್ನು ಮದುವೆಯಾದ. ಆಗಲೇ ಅವಳಿಗೆ ಕ್ಷಯ. ಮದುವೆಯ ದಿನ ನಡೆಯಲು ತ್ರಾಣವಿಲ್ಲದೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತು ತರಬೇಕಾಯಿತು. ಹವೆ ಬದಲಾದರೆ ಉಳಿದಾಳು ಎಂಬ ಆಸೆಯಿಂದ ಊರಿಂದೂರಿಗೆ ಅಲೆದ. ಕ್ಷಯದ ರೋಗಾಣು ಯಾವುದೆಂಬುದೇ ಜಗತ್ತಿಗೆ ಗೊತ್ತಿಲ್ಲದ ಕಾಲ ಅದು. ಕಾಖ್ ಅದನ್ನು ಕಂಡುಹಿಡಿದದ್ದು 1882ರಲ್ಲಿ. 1873ರ ಏಪ್ರಿಲಿನಲ್ಲಿ ಮದೈರಾ ದ್ವೀಪದಲ್ಲಿ ಲುಡ್ಮಿಲಾ ತೀರಿಕೊಂಡಳು. ಅವನಿಗಿನ್ನೂ ಇಪ್ಪತ್ತೆಂಟು ತುಂಬಿರಲಿಲ್ಲ. ಸೂಕ್ಷ್ಮದರ್ಶಕವೇ ಜೀವನವಾಗಿದ್ದವನಿಗೆ ಕಣ್ಣೂ ಕೈಕೊಡುತ್ತಿತ್ತು.

ವಾಪಸು ಬರುವಾಗ ಜಿನೀವಾದಲ್ಲಿ ಮಾರ್ಫಿನ್ ನುಂಗಿದ. ನುಂಗಿದ್ದು ಅತಿಯಾದ್ದರಿಂದ ವಾಂತಿಯಾಗಿ ಬದುಕಿಕೊಂಡ. ಆಮೇಲೂ ಮನಸ್ಸು ಬದಲಾಗಲಿಲ್ಲ. ಬಿಸಿನೀರಿನ ಸ್ನಾನ ಮಾಡಿ, ಕೊರೆಯುವ ಥಂಡಿಯಲ್ಲಿ ಹೊರಗೆ ಹೊರಟ, ಕಾಯಿಲೆ ಹಿಡಿದು ಸತ್ತರೆ ಸಾಯಲಿ ಅಂತ. ರೋನ್ ನದಿಯ ಸೇತುವೆಯ ಮೇಲೆ ಒಂದು ದೀಪ ಉರಿಯುತ್ತಿತ್ತು. ಅದರ ಸುತ್ತ ಹುಳುಗಳು ಗಿರಗಿರ ಸುತ್ತುತ್ತಿದ್ದವು. ರೆಕ್ಕೆ ಬಂದ ಮೇಲೆ ಅನ್ನನೀರಿಲ್ಲದೆ ಕೆಲವೇ ಗಂಟೆ ಬದುಕುವ ಜಾತಿಯವು ಇವು ಎಂದು ಅವನು ತಿಳಿದ. ಇಷ್ಟು ಅಲ್ಪಾಯುಷಿಗಳಿಗೆ ಡಾರ್ವಿನ್ ಹೇಳಿದ ಪ್ರಕೃತಿಯ ಆಯ್ಕೆ ಹೇಗೆ ಅನ್ವಯಿಸೀತು ಅಂತ ಯೋಚನೆ ಹತ್ತಿತು. ಯೋಚಿಸುತ್ತಾ ಯೋಚಿಸುತ್ತಾ ಸಾಯಲು ಬಂದವನು ಸಾಯುವುದನ್ನು ಮರೆತ. ಮುಂದೆ ದೀರ್ಘಾಯುಷ್ಯದ ಪ್ರತಿಪಾದಕನಾದವನನ್ನು ಆ ರಾತ್ರಿ ಉಳಿಸಿದ್ದು ಒಂದು ರಾತ್ರಿಯ ಹುಳುಗಳು. ನಾನು ಇದನ್ನು ಓದಿದ ಪುಟದಲ್ಲಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

1875ರಲ್ಲಿ ಓಲ್ಗಾಳನ್ನು ಮದುವೆಯಾದ. ಮುಂದೆ ಅವನ ಜೀವನಚರಿತ್ರೆ ಬರೆದವಳು ಇವಳೇ. 1880ರಲ್ಲಿ ಅವಳಿಗೂ ವಿಷಮಶೀತಜ್ವರ ಬಂದು ಪ್ರಾಣಕ್ಕೇ ಬಂತು. ಆ ಆತಂಕದಲ್ಲೋ, ಮತ್ತೆ ಕವಿದ ನಿರಾಶೆಯಲ್ಲೋ, ಮರುಕಳಿಸುವ ಜ್ವರದ ರೋಗಿಯೊಬ್ಬನ ರಕ್ತವನ್ನು ಮೆಚ್ನಿಕಾಫ್ ತನಗೇ ಚುಚ್ಚಿಕೊಂಡ. ರಕ್ತದಿಂದ ರೋಗ ಹರಡುತ್ತದೆಯೋ ನೋಡೋಣ ಅನ್ನುವುದು ನೆಪ. ಹರಡಿತು. ಸಾವಿನ ಬಾಗಿಲು ತಟ್ಟಿ ಬಂದ. ಆಶ್ಚರ್ಯವೆಂದರೆ ಈ ಸಲ ಎದ್ದು ಕೂತವನು ಬೇರೆಯೇ ಮನುಷ್ಯ. ಬದುಕಬೇಕೆಂಬ ಆಸೆ ಅವನಲ್ಲಿ ಗಟ್ಟಿಯಾಗಿ ಬೇರುಬಿಟ್ಟಿತ್ತು.

1881ರಲ್ಲಿ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಕೊಲೆಯಾಯಿತು. ವಿಶ್ವವಿದ್ಯಾಲಯದಲ್ಲಿ ರಾಜಕೀಯ ಹೊಗೆಯಾಡತೊಡಗಿ, ಮರುವರ್ಷ ಕೆಲಸ ಬಿಟ್ಟು ಸಂಸಾರದೊಂದಿಗೆ ಸಿಸಿಲಿಯ ಮೆಸ್ಸಿನಾಗೆ ಹೋದ. ಅಲ್ಲಿ ಒಂದು ದಿನ ಮನೆಯವರೆಲ್ಲ ಸರ್ಕಸ್ಸಿನ ಕೋತಿಗಳನ್ನು ನೋಡಲು ಹೋದಾಗ ಇವನೊಬ್ಬನೇ ನಕ್ಷತ್ರಮೀನಿನ ಮರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಮರಿಯ ಮೈ ಗಾಜಿನಂತೆ ಪಾರದರ್ಶಕ. ಒಳಗೆ ಕೆಲವು ಜೀವಕೋಶಗಳು ಅತ್ತಿತ್ತ ಓಡಾಡುತ್ತಿದ್ದವು. ಇವು ಮೈಯನ್ನು ಕಾಯುವ ಪಹರೆಯವರಿರಬಹುದೇ ಎಂದು ಹೊಳೆಯಿತು. ತೋಟದಿಂದ ಗುಲಾಬಿ ಮುಳ್ಳು ತಂದು ಮರಿಗಳ ಚರ್ಮದಡಿ ಚುಚ್ಚಿದ. ರಾತ್ರಿ ನಿದ್ದೆ ಬರಲಿಲ್ಲ. ಬೆಳಗಿನ ಜಾವ ನೋಡಿದರೆ ಆ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ನಮ್ಮ ಬೆರಳಿಗೆ ಮುಳ್ಳು ಹೊಕ್ಕು ಕೀವಾದಾಗ ಆಗುವುದೂ ಇದೇ. ಈ ಕೋಶಗಳಿಗೆ ಮರುವರ್ಷ ಗ್ರೀಕಿನಿಂದ ಹೆಸರು ಕಟ್ಟಿದರು, ಫ್ಯಾಗೊಸೈಟ್ ಅಂತ. ಕನ್ನಡದಲ್ಲಿ ಭಕ್ಷಕ ಕೋಶ.

ಒಡೆಸ್ಸಾಕ್ಕೆ ಮರಳಿ ರೋಗಾಣು ಸಂಸ್ಥೆಯ ಮುಖ್ಯಸ್ಥನಾದರೂ, ವೈದ್ಯನಲ್ಲದವನ ಕೈಕೆಳಗೆ ಕೆಲಸ ಮಾಡುವುದು ವೈದ್ಯರಿಗೆ ಒಗ್ಗಲಿಲ್ಲ. 1888ರಲ್ಲಿ ಪಾಶ್ಚರ್ ಪ್ಯಾರಿಸ್ಸಿನ ತನ್ನ ಹೊಸ ಸಂಸ್ಥೆಯಲ್ಲಿ ಜಾಗ ಕೊಟ್ಟ. ಅಲ್ಲೇ ಇಪ್ಪತ್ತೆಂಟು ವರ್ಷ. ಜರ್ಮನಿಯ ವಿದ್ವಾಂಸರ ಜೊತೆ ಜಗಳವೋ ಜಗಳ: ರೋಗವನ್ನು ಎದುರಿಸುವುದು ಕೋಶಗಳಲ್ಲ, ರಕ್ತದ ದ್ರವ ಎನ್ನುವುದು ಅವರ ವಾದ. ನೊಬೆಲ್ ಸಮಿತಿ 1908ರ ಬಹುಮಾನವನ್ನು ಆ ಕಡೆಯ ಪೌಲ್ ಎರ್ಲಿಖ್‌ಗೂ ಈ ಕಡೆಯ ಮೆಚ್ನಿಕಾಫ್‌ಗೂ ಒಟ್ಟಿಗೆ ಹಂಚಿತು. ಇಬ್ಬರು ಹೇಳಿದ್ದೂ ನಿಜವೇ ಆಗಿತ್ತು.

ಇನ್ನು ಮೊಸರಿನ ವಿಷಯ. ಐವತ್ತು ದಾಟಿದ ಮೇಲೆ ಅವನನ್ನು ಮುಪ್ಪಿನ ಪ್ರಶ್ನೆ ಹಿಡಿಯಿತು. ಮುಪ್ಪು ಅನಿವಾರ್ಯವಾದ ವಿಧಿಯಲ್ಲ, ಅದೂ ಒಂದು ಬಗೆಯ ಕಾಯಿಲೆ, ಕಾಯಿಲೆಯಾದರೆ ಕಾರಣ ಇರಬೇಕು, ಕಾರಣ ಇದ್ದರೆ ಉಪಾಯವೂ ಇರಬೇಕು ಎಂಬುದು ಅವನ ನಂಬಿಕೆ. 1903ರಲ್ಲಿ ಪ್ರಕಟವಾದ ಮನುಷ್ಯಸ್ವಭಾವದ ಮೇಲಿನ ಪುಸ್ತಕದಲ್ಲಿ ಈ ಶಾಸ್ತ್ರಕ್ಕೆ ಜೆರಂಟಾಲಜಿ ಎಂದು ಹೆಸರಿಟ್ಟವನೂ ಇವನೇ. ಅವನ ಊಹೆ ಹೀಗಿತ್ತು. ನಮ್ಮ ದೊಡ್ಡಕರುಳಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಗಳು ಮನೆಮಾಡಿವೆ. ಅವು ಬಿಡುವ ವಿಷ ರಕ್ತಕ್ಕೆ ಸೇರಿ ಮಿದುಳು, ನರ, ರಕ್ತನಾಳಗಳನ್ನು ದುರ್ಬಲ ಮಾಡುತ್ತದೆ. ಆಗ ಕಾವಲಿಗಿದ್ದ ಭಕ್ಷಕ ಕೋಶಗಳೇ ತಿರುಗಿಬಿದ್ದು ದುರ್ಬಲರನ್ನು ತಿನ್ನತೊಡಗುತ್ತವೆ. ತಲೆ ನರೆಯುವುದು ಕೂಡ ಅವು ಕೂದಲಿನ ಬಣ್ಣವನ್ನು ತಿನ್ನುವುದರಿಂದಲೇ ಎಂದ. ಬೇಲಿಯೇ ಎದ್ದು ಹೊಲ ಮೇಯುವುದು ಅಂತೀವಲ್ಲ, ಥೇಟ್ ಹಾಗೆ.

ಉಪಾಯ? ಹಾಲು ಹುಳಿಯಾದರೆ ಕೆಡುವುದಿಲ್ಲ. ಹುಳಿ ಮಾಡುವ ಜೀವಿಗಳನ್ನು ಕರುಳಿಗೆ ಕಳಿಸಿದರೆ ಕೊಳೆಸುವವು ಓಡಬೇಕಲ್ಲ! ಬಲ್ಗೇರಿಯದ ರೈತರು ಮೊಸರು ತಿಂದು ಬಹುಕಾಲ ಬದುಕುತ್ತಾರೆಂಬ ಮಾತು ಅವನ ಕಿವಿಗೆ ಬಿದ್ದಿತ್ತು. 1905ರಲ್ಲಿ ಜಿನೀವಾದಲ್ಲಿ ಓದುತ್ತಿದ್ದ ಬಲ್ಗೇರಿಯದ ಸ್ತಾಮೆನ್ ಗ್ರಿಗೊರೊವ್ ಆ ಮೊಸರಿನಲ್ಲಿರುವ ಕಡ್ಡಿಯಾಕಾರದ ಬ್ಯಾಕ್ಟೀರಿಯವನ್ನು ಗುರುತಿಸಿದ. ಮೆಚ್ನಿಕಾಫ್ ತಾನೂ ದಿನಾ ಹುಳಿಹಾಲು ಕುಡಿದ, ಹಸಿ ತರಕಾರಿ, ಕಾಯಿಸದ ನೀರು ಮುಟ್ಟಲಿಲ್ಲ. 1907ರಲ್ಲಿ ಆಯುಷ್ಯವೃದ್ಧಿಯ ಮೇಲೆ ಇನ್ನೊಂದು ಪುಸ್ತಕ ಬಂತು. ಪ್ಯಾರಿಸ್ಸಿನ ಔಷಧದಂಗಡಿಗಳಲ್ಲಿ ಮೊಸರಿನ ಮಾತ್ರೆ ಬಂದವು. ಅದೇ ಕಾಲದಲ್ಲಿ ಲಂಡನ್ನಿನ ಆರ್ಬತ್‌ನಾಟ್ ಲೇನ್ ಎಂಬ ದೊಡ್ಡ ಶಸ್ತ್ರವೈದ್ಯ ರೋಗಿಗಳ ದೊಡ್ಡಕರುಳನ್ನೇ ಕತ್ತರಿಸಿ ತೆಗೆಯತೊಡಗಿದ್ದ! ನಮ್ಮ ಮನೆಗಳಲ್ಲಿ ಪ್ರತಿ ರಾತ್ರಿ ಹೆಪ್ಪು ಹಾಕುವವರಿಗೆ ಈ ಗದ್ದಲವೇನೂ ಬೇಕಿರಲಿಲ್ಲ ಅಂತ ನಗು ಬರುತ್ತದೆ.

ಆದರೆ ಅವನಿಗೆ ಬೇಕಾದದ್ದು ಬರೀ ವರ್ಷಗಳ ಲೆಕ್ಕವಲ್ಲ. ಮನುಷ್ಯ ಸಾವಿಗೆ ಅಂಜುವುದು ಅಕಾಲದಲ್ಲಿ ಸಾಯುವುದರಿಂದ ಎಂದು ಅವನ ವಿಚಾರ. ದಿನವಿಡೀ ದುಡಿದವನಿಗೆ ನಿದ್ದೆ ಬೇಕೆನಿಸುವಂತೆ, ಕಾಯಿಲೆಯಿಲ್ಲದೆ ಪೂರ್ತಿ ಬದುಕಿದವನಿಗೆ ಸಾವು ಬೇಕೆನಿಸುತ್ತದೆ. ಅರ್ಧ ಊಟದಲ್ಲಿ ಎಬ್ಬಿಸಿದ್ದಕ್ಕೇ ಈ ಅಳು. ಯಯಾತಿಗೆ ಕೊಟ್ಟ ಉತ್ತರದ ಹಾಗಿದೆ ಇದು. 1909ರ ಮೇ ತಿಂಗಳಲ್ಲಿ ಅವನು ಯಾಸ್ನಾಯಾ ಪೊಲ್ಯಾನಾಕ್ಕೆ ಹೋಗಿ ಟಾಲ್‌ಸ್ಟಾಯ್‌ಯನ್ನು ಕಂಡ. ಟಾಲ್‌ಸ್ಟಾಯ್‌ಗೆ ಆಗ ಎಂಬತ್ತು. ಬದುಕಿನ ಅರ್ಥವನ್ನು ವಿಜ್ಞಾನ ಹೇಳಲಾರದು ಎಂಬುದು ಅವನ ಹಟ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಗಮನಿಸಬೇಕಾದ್ದು ಇನ್ನೊಂದಿದೆ. 1886ರಲ್ಲಿ ಟಾಲ್‌ಸ್ಟಾಯ್ ಬರೆದ ಇವಾನ್ ಇಲಿಚ್‌ನ ಸಾವು ಎಂಬ ಕಥೆಗೆ ಪ್ರೇರಣೆಯಾದವನು ತುಲಾದಲ್ಲಿ ಸರ್ಕಾರಿ ವಕೀಲನಾಗಿದ್ದು 1881ರಲ್ಲಿ ತೀರಿಕೊಂಡ ಇವಾನ್ ಇಲಿಚ್ ಮೆಚ್ನಿಕಾಫ್. ನಮ್ಮ ವಿಜ್ಞಾನಿಯ ಒಡಹುಟ್ಟಿದ ಅಣ್ಣ. ಒಂದೇ ಸಾವಿನಿಂದ ಒಬ್ಬ ಕಥೆ ತೆಗೆದ. ಇನ್ನೊಬ್ಬ ಸಾವನ್ನೇ ಮುಂದೂಡಲು ಹೊರಟ.

1914ರಲ್ಲಿ ಯುದ್ಧ ಶುರುವಾಯಿತು. ಪ್ರಯೋಗಶಾಲೆಯ ಹುಡುಗರು ರಣರಂಗಕ್ಕೆ ಹೋದರು. ಆಯುಷ್ಯಕ್ಕೆ ಒಂದೊಂದು ವರ್ಷ ಸೇರಿಸಲು ಹೆಣಗುತ್ತಿದ್ದವನ ಕಣ್ಣೆದುರೇ ಇಪ್ಪತ್ತರ ಹುಡುಗರು ಲಕ್ಷಗಟ್ಟಲೆ ಸತ್ತರು. ಅವನ ಹೃದಯವೂ ಸೋತಿತ್ತು. ಕೊನೆಯ ತಿಂಗಳುಗಳಲ್ಲಿ ಸಾವಿನ ಬಯಕೆ ತನ್ನಲ್ಲಿ ಮೂಡಿದೆಯೇ ಅಂತ ತನ್ನನ್ನೇ ಪ್ರಯೋಗದ ಪ್ರಾಣಿಯಂತೆ ಗಮನಿಸುತ್ತಿದ್ದ. ಸತ್ತ ಮೇಲೆ ದೇಹ ಕೊಯ್ದು ಕರುಳನ್ನು ಸರಿಯಾಗಿ ಪರೀಕ್ಷಿಸಬೇಕೆಂದು ವೈದ್ಯ ಗೆಳೆಯನಿಗೆ ಹೇಳಿಟ್ಟಿದ್ದ. 1916ರ ಜುಲೈ 15ರಂದು ಪಾಶ್ಚರ್ ಸಂಸ್ಥೆಯಲ್ಲೇ ತೀರಿಕೊಂಡ. ವಯಸ್ಸು ಎಪ್ಪತ್ತೊಂದು. ಅವನ ಚಿತಾಭಸ್ಮ ಆ ಸಂಸ್ಥೆಯ ಗ್ರಂಥಾಲಯದಲ್ಲಿದೆ.

ಎಪ್ಪತ್ತೊಂದು ಅಂದರೆ ಮೊಸರು ಸೋತ ಹಾಗೇ ಅಲ್ಲವೇ ಅಂತ ಎದುರು ಪಕ್ಷದವರು ಖಂಡಿತ ಕೇಳ್ತಾರೆ. ನಿಜ. ಆ ಬಲ್ಗೇರಿಯದ ಬ್ಯಾಕ್ಟೀರಿಯ ನಮ್ಮ ಕರುಳಿನಲ್ಲಿ ಬೇರೂರುವುದಿಲ್ಲ ಎಂದು 1920ರ ದಶಕದಲ್ಲೇ ತಿಳಿದುಬಂತು. ಮುಪ್ಪಿಗೆ ದೊಡ್ಡಕರುಳೊಂದೇ ಕಾರಣವೆಂದು ಇಂದು ಯಾರೂ ಹೇಳುವುದಿಲ್ಲ. ಆದರೆ ಕರುಳಿನ ಸೂಕ್ಷ್ಮಜೀವಿಗಳಿಗೂ ಆರೋಗ್ಯಕ್ಕೂ ನಂಟಿದೆ ಎಂಬುದನ್ನು ಇಂದು ಜಗತ್ತಿನ ಎಷ್ಟೋ ಪ್ರಯೋಗಶಾಲೆಗಳು ಅಭ್ಯಾಸ ಮಾಡುತ್ತಿವೆ. ಮುಪ್ಪನ್ನು ತಡೆಯಬಹುದೆಂಬ ಅವನ ಮೂಲ ಮಾತಿಗೂ ಪೂರ್ತಿ ಸೋಲಾಗಿಲ್ಲ. 1993ರಲ್ಲಿ ಸಿಂಥಿಯಾ ಕೆನ್ಯನ್ ಒಂದೇ ಜೀನನ್ನು ಬದಲಿಸಿ ಸಣ್ಣ ಹುಳುವಿನ ಆಯುಷ್ಯವನ್ನು ಎರಡರಷ್ಟು ಮಾಡಿ ತೋರಿಸಿದಳು. ಈಸ್ಟರ್ ದ್ವೀಪದ ಮಣ್ಣಿನಿಂದ ಬಂದ ರಾಪಮೈಸಿನ್ ಎಂಬ ಔಷಧ, ಮುದಿ ಇಲಿಗಳಿಗೆ ಕೊಟ್ಟರೂ ಅವುಗಳ ಆಯುಷ್ಯ ಹೆಚ್ಚಿಸಿತೆಂದು 2009ರಲ್ಲಿ ವರದಿಯಾಯಿತು. ಮನುಷ್ಯರ ಮಟ್ಟಿಗೆ ಅಂಥ ಮದ್ದು ಇನ್ನೂ ಸಾಬೀತಾಗಿಲ್ಲ. 122 ವರ್ಷ ಬದುಕಿ 1997ರಲ್ಲಿ ತೀರಿಕೊಂಡ ಫ್ರಾನ್ಸಿನ ಜಾನ್ ಕಾಲ್ಮಾಳೇ ಇಂದಿಗೂ ದಾಖಲೆ. ಇತ್ತ ನಮ್ಮ ದೇಶದಲ್ಲಿ ಸ್ವಾತಂತ್ರ್ಯ ಬಂದಾಗ ಸುಮಾರು 32 ಇದ್ದ ಸರಾಸರಿ ಆಯುಸ್ಸು ಈಗ 70ರ ಆಸುಪಾಸಿಗೆ ಬಂದಿದೆ. ಅದು ಬಂದದ್ದು ಅಮೃತದಿಂದಲ್ಲ; ಲಸಿಕೆಯಿಂದ, ಒಳ್ಳೆಯ ನೀರಿನಿಂದ, ಹುಟ್ಟಿದ ಮಕ್ಕಳು ಉಳಿದದ್ದರಿಂದ. ಲುಡ್ಮಿಲಾ ಈಗ ಇದ್ದಿದ್ದರೆ ಆರು ತಿಂಗಳ ಮಾತ್ರೆಯಲ್ಲಿ ಅವಳ ಕ್ಷಯ ವಾಸಿಯಾಗಬಹುದಿತ್ತು.

ನಮ್ಮ ಡೊಂಬಿವಲಿಯ ಮನೆಯಲ್ಲಿ ತೊಂಬತ್ತೊಂದರ ಅಜ್ಜಿ ಇದ್ದಾಳೆ. ಮೊಣಕಾಲು ಹೋಗಿದೆ, ಓರಗೆಯವರೆಲ್ಲ ಹೋಗಿದ್ದಾರೆ. ದೇವರು ತನ್ನನ್ನು ಯಾಕೆ ಇನ್ನೂ ಕರೆಸಿಕೊಳ್ಳಲಿಲ್ಲವೋ ಅಂತ ದಿನಕ್ಕೆ ಹತ್ತು ಸಲ ಹೇಳ್ತಾಳೆ. ಹಾಗಾದರೆ ಮೆಚ್ನಿಕಾಫ್ ಹೇಳಿದ ಬಯಕೆ ಬಂದೇಬಿಟ್ಟಿತೋ ಅಂತ ನಾನು ಅಂದುಕೊಂಡಿದ್ದೆ. ಹೋದ ಮಳೆಗಾಲದಲ್ಲಿ ಜ್ವರ ಬಂದಾಗ ಮಾತ್ರೆಯ ಹೊತ್ತು ಒಂದೂ ತಪ್ಪಿಸಲಿಲ್ಲ; ಈ ಡಾಕ್ಟರು ಹುಷಾರಿಯವನೇ ಹೌದೋ ಅಂತ ನನ್ನನ್ನು ಗುಟ್ಟಾಗಿ ಕೇಳಿದಳು. ಅವಳಿಗೆ ಸಾಕಾಗಿರುವುದು ಮೊಣಕಾಲಿನ ನೋವು ಮತ್ತು ಮಾತಾಡಲು ಯಾರೂ ಇಲ್ಲದಿರುವುದು. ಬದುಕು ಸಾಕಾಗಿಲ್ಲ. ಈ ಎರಡನ್ನೂ ನಾವು ಒಂದೇ ಅಂತ ತಿಳಿದಿರುವುದೇ ತಪ್ಪು. ಮೊಣಕಾಲಿನದು ವಿಜ್ಞಾನದ ಕೆಲಸ. ಮಾತಿನದು ನನ್ನ ಕೆಲಸ, ನಾನು ಇಷ್ಟು ದಿನ ಮಾಡಿರಲಿಲ್ಲ.

ಆದ್ದರಿಂದ ನಾನು ಹೆಚ್ಚಬೇಕು ಎಂದೇ ಮಾತಾಡುವವನು, ಚೀಟಿಯಲ್ಲಿ ಬಂದಿತೆಂದು ಮಾತ್ರ ಅಲ್ಲ. ಎದುರಿನವರು ಯಯಾತಿಯನ್ನು ಕರೆತರಲಿ. ನಾನು ಜಿನೀವಾದ ಸೇತುವೆಯನ್ನೂ ಆ ದೀಪದ ಹುಳುಗಳನ್ನೂ ತರುತ್ತೇನೆ. ನೀವೂ ಬನ್ನಿ, ಕೈಕಾಸು ಕೊಡುವುದಕ್ಕಾಗುವುದಿಲ್ಲ, ಚಹಾ ಉಂಟು.