ಲಿವರ್ ಮತ್ತೆ ಬೆಳೆಯುತ್ತದೆ, ಕ್ಯಾನ್ಸರ್ ಕೂಡ ಅಲ್ಲೇ ಹುಟ್ಟುತ್ತದೆ: ರುಡಾಲ್ಫ್ ವಿರ್ಚೋವ್ ಕಥೆ

ಅರ್ಧ ಲಿವರ್ ಕತ್ತರಿಸಿದರೂ ಮತ್ತೆ ಬೆಳೆಯುತ್ತದೆ, ಹಾಗಾಗಿ ಲಿವರ್ ಬಗ್ಗೆ ಹೆದರಬೇಕಿಲ್ಲ ಎನ್ನುವ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಮೊದಲ ಮಾತು ಬಹುಮಟ್ಟಿಗೆ ನಿಜ. ಕತ್ತರಿಸಿ ತೆಗೆದ ಭಾಗವೇ ಮತ್ತೆ ಮೂಡುವುದಿಲ್ಲ. ಉಳಿದ ಭಾಗ ದೊಡ್ಡದಾಗಿ ಕೆಲವು ತಿಂಗಳಲ್ಲಿ ಹೆಚ್ಚುಕಡಿಮೆ ಹಳೆಯ ತೂಕಕ್ಕೆ ಬರುತ್ತದೆ. ಎರಡನೆಯ ಮಾತು ಮಾತ್ರ ತಪ್ಪು. ಏಕೆಂದು ತಿಳಿಯಲು, ಜೀವಶಾಸ್ತ್ರದ ಪಾಠದಲ್ಲಿ ಒಂದೇ ಸಾಲಿನಲ್ಲಿ ಬಂದುಹೋಗುವ ಒಬ್ಬ ಜರ್ಮನ್ ವೈದ್ಯರ ಬದುಕನ್ನು ನೋಡೋಣ.

ರುಡಾಲ್ಫ್ ವಿರ್ಚೋವ್ ಹುಟ್ಟಿದ್ದು 1821ರ ಅಕ್ಟೋಬರ್ 13ರಂದು, ಪ್ರಶ್ಯದ ಪೊಮೆರೇನಿಯಾ ಪ್ರಾಂತ್ಯದ ಒಂದು ಸಣ್ಣ ಊರಿನಲ್ಲಿ. ಆ ಊರು ಈಗ ಪೋಲೆಂಡಿನಲ್ಲಿದೆ. ಮನೆಯಲ್ಲಿ ಹಣವಿರಲಿಲ್ಲ. ಸೇನೆಗೆ ವೈದ್ಯರನ್ನು ತಯಾರು ಮಾಡುವ ಬರ್ಲಿನ್ನಿನ ಸಂಸ್ಥೆಯಲ್ಲಿ ಉಚಿತವಾಗಿ ಓದಿ 1843ರಲ್ಲಿ ವೈದ್ಯರಾದರು. ಶಾರಿಟೆ ಆಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡುತ್ತಾ, 1845ರಲ್ಲಿ ಬಿಳಿ ರಕ್ತಕಣಗಳು ವಿಪರೀತ ಹೆಚ್ಚಿದ್ದ ಒಂದು ಕಾಯಿಲೆಯನ್ನು ವಿವರಿಸಿದರು. ಮುಂದೆ ಅದಕ್ಕೆ ಲ್ಯುಕೇಮಿಯಾ ಎಂದು ಹೆಸರಿಟ್ಟವರೂ ಅವರೇ.

1848ರಲ್ಲಿ ಸರ್ಕಾರ ಅವರನ್ನು ಟೈಫಸ್ ಜ್ವರ ಹಬ್ಬಿದ್ದ ಮೇಲಿನ ಸೈಲೀಶಿಯಾಕ್ಕೆ ಕಳಿಸಿತು. ಔಷಧಿಯ ಪಟ್ಟಿ ಕೇಳಿದ್ದವರಿಗೆ ಅವರು ಶಾಲೆ, ರಸ್ತೆ, ಪ್ರಜಾಪ್ರಭುತ್ವ ಬೇಕು ಎಂದು ವರದಿ ಕೊಟ್ಟರು. ಅದೇ ವರ್ಷ ಬರ್ಲಿನ್ ಕ್ರಾಂತಿಯಲ್ಲೂ ಬೀದಿಗಿಳಿದರು. ಮರುವರ್ಷ ಬರ್ಲಿನ್ ಬಿಟ್ಟು ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಹೋಗಬೇಕಾಯಿತು. ಒಂದು ರೀತಿಯಲ್ಲಿ ಅದು ಒಳ್ಳೆಯದೇ ಆಯಿತು, ಅವರ ದೊಡ್ಡ ಕೆಲಸ ಅಲ್ಲಿಯೇ ಮಾಗಿತು.

ಆಗಿನ ನಂಬಿಕೆಯ ಪ್ರಕಾರ ಜೀವಕೋಶಗಳು ದೇಹದ ದ್ರವದಿಂದ, ಸಕ್ಕರೆ ಪಾಕದಲ್ಲಿ ಕಲ್ಲುಸಕ್ಕರೆ ಕಟ್ಟಿದಂತೆ, ತಾವೇ ಮೂಡುತ್ತಿದ್ದವು. ಗೆಡ್ಡೆಗಳೂ ಹಾಗೆಯೇ. 1855ರಲ್ಲಿ ವಿರ್ಚೋವ್ ಇದನ್ನು ತಳ್ಳಿಹಾಕಿ, ಪ್ರತಿ ಕೋಶವೂ ಇನ್ನೊಂದು ಕೋಶದಿಂದಲೇ ಹುಟ್ಟುತ್ತದೆ ಎಂದರು. ಬರ್ಲಿನ್ನಿಗೆ ಮರಳಿದ ಮೇಲೆ 1858ರಲ್ಲಿ ಬಂದ ಅವರ ಪುಸ್ತಕ ಇಡೀ ರೋಗಶಾಸ್ತ್ರವನ್ನು ಈ ತಳಹದಿಯ ಮೇಲೆ ನಿಲ್ಲಿಸಿತು. ಆದರೆ ಕೋಶ ವಿಭಜನೆಯ ಮಾತನ್ನು ಅವರಿಗಿಂತ ಮೊದಲೇ, 1852ರಲ್ಲಿ, ರಾಬರ್ಟ್ ರೆಮಾಕ್ ಹೇಳಿದ್ದರು. ಯಹೂದಿ ಎಂಬ ಕಾರಣಕ್ಕೆ ಪೂರ್ಣ ಪ್ರಾಧ್ಯಾಪಕ ಹುದ್ದೆಯೂ ಸಿಗದ ರೆಮಾಕ್‌ಗೆ ವಿರ್ಚೋವ್ ಸಲ್ಲಬೇಕಾದ ಶ್ರೇಯ ಕೊಡಲಿಲ್ಲ. ಪಠ್ಯಪುಸ್ತಕಗಳು ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಈ ಮಾತು ಲಿವರ್‌ಗೆ ಹೇಗೆ ಅನ್ವಯಿಸುತ್ತದೆ? ಲಿವರ್ ಬೆಳೆಯುವುದೂ ಕೋಶ ಒಡೆದು ಎರಡಾಗಿ, ಕ್ಯಾನ್ಸರ್ ಬೆಳೆಯುವುದೂ ಹಾಗೆಯೇ. 1863ರ ಹೊತ್ತಿಗೆ ವಿರ್ಚೋವ್, ಬಹುಕಾಲ ಕೆರಳಿದ, ಉರಿಯೂತವಿರುವ ಜಾಗದಲ್ಲಿ ಗೆಡ್ಡೆ ಹುಟ್ಟುತ್ತದೆ ಎಂದು ವಾದಿಸಿದರು. ಲಿವರ್ ಇದಕ್ಕೆ ಸರಿಯಾದ ಉದಾಹರಣೆ. ಹೆಪಟೈಟಿಸ್ ಬಿ ಮತ್ತು ಸಿ, ಮದ್ಯ, ಕೊಬ್ಬಿನ ಲಿವರ್ ವರ್ಷಗಟ್ಟಲೆ ಕೋಶಗಳನ್ನು ಕೊಲ್ಲುತ್ತವೆ. ಉಳಿದವು ಮತ್ತೆ ಮತ್ತೆ ಒಡೆಯುತ್ತವೆ, ಪ್ರತಿ ಸಲವೂ ಡಿಎನ್‌ಎ ನಕಲಿನಲ್ಲಿ ತಪ್ಪು ನುಸುಳಬಹುದು. ಗಾಯದ ಕಲೆ ತುಂಬಿ ಸಿರೋಸಿಸ್ ಆಗುತ್ತದೆ. ಲಿವರ್ ಕೋಶದ ಕ್ಯಾನ್ಸರ್ ಬಹುಪಾಲು ಕಾಣಿಸಿಕೊಳ್ಳುವುದು ಇಂಥ ಲಿವರ್‌ನಲ್ಲಿಯೇ.

ವಿರ್ಚೋವ್ ತಪ್ಪಿದ್ದೂ ಇದೆ. ಎಲ್ಲ ಕ್ಯಾನ್ಸರ್‌ಗಳೂ ಸಂಯೋಜಕ ಅಂಗಾಂಶದ ಕೋಶಗಳಿಂದ ಹುಟ್ಟುತ್ತವೆ ಎಂದು ಅವರು ನಂಬಿದ್ದರು. ಟಿಯರ್ಶ್ ಮತ್ತು ವಾಲ್ಡೆಯರ್ ಅದನ್ನು ತಿದ್ದಿದರು. ಅವರದೇ ಶಿಷ್ಯ ಯೂಲಿಯಸ್ ಕೋನ್‌ಹೈಮ್ 1870ರ ದಶಕದಲ್ಲಿ, ಭ್ರೂಣದ ಕಾಲದಿಂದ ಉಳಿದುಹೋದ ಕೋಶಗಳೇ ಗೆಡ್ಡೆಯ ಬೀಜ ಎಂದರು. ಇಂದಿನ ಸ್ಟೆಮ್ ಸೆಲ್ ಚರ್ಚೆಯ ಹಳೆಯ ರೂಪ ಅದು.

ಇತ್ತ ವಿರ್ಚೋವ್ ಬರ್ಲಿನ್ನಿಗೆ ಒಳಚರಂಡಿ ಬರಲು ದುಡಿದರು, ಸಂಸತ್ತಿನಲ್ಲಿ ಬಿಸ್ಮಾರ್ಕ್‌ರನ್ನು ಎದುರಿಸಿದರು. 1865ರಲ್ಲಿ ಬಿಸ್ಮಾರ್ಕ್ ದ್ವಂದ್ವಯುದ್ಧಕ್ಕೆ ಕರೆದದ್ದು ನಿಜ. ಆಯುಧವಾಗಿ ಹುಳುವಿರುವ ಸಾಸೇಜನ್ನು ಆರಿಸಿದರು ಎಂಬುದು ಮಾತ್ರ ಆ ಕಾಲದ ಫಾರ್ವರ್ಡ್ ಇದ್ದಹಾಗೆ. ಅದಕ್ಕೆ ಗಟ್ಟಿ ಆಧಾರವಿಲ್ಲ. 1902ರ ಜನವರಿಯಲ್ಲಿ ಚಲಿಸುತ್ತಿದ್ದ ಟ್ರಾಮಿನಿಂದ ಇಳಿಯುವಾಗ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಅದೇ ವರ್ಷ ಸೆಪ್ಟೆಂಬರ್ 5ರಂದು ತೀರಿಕೊಂಡರು.

ಗುರು ಶಿಷ್ಯರ ಆ ಪ್ರಶ್ನೆ ಇನ್ನೂ ಜೀವಂತವಾಗಿದೆ. ಸಾಮಾನ್ಯ ಗಾಯವಾದಾಗ ಲಿವರ್ ತುಂಬಿಕೊಳ್ಳುವುದು ಬಲಿತ ಕೋಶಗಳೇ ಒಡೆದು. ಸ್ಟೆಮ್ ಸೆಲ್ ಬೇಕಾಗುವುದಿಲ್ಲ. ಬಲಿತವು ಸೋತಾಗ ಪಿತ್ತನಾಳಗಳ ಬಳಿಯ, ಸ್ಟೆಮ್ ಸೆಲ್‌ನಂಥ ಸಣ್ಣ ಕೋಶಗಳು ಹೆಚ್ಚುತ್ತವೆ. ಕ್ಯಾನ್ಸರ್ ಶುರುವಾಗುವುದು ಹೆಚ್ಚಾಗಿ ಬಲಿತ ಕೋಶದಿಂದಲೇ ಎಂದು ಇಲಿಗಳ ಮೇಲಿನ ಹಲವು ಪ್ರಯೋಗಗಳು ಸೂಚಿಸುತ್ತವೆ. ಆದರೂ ಕೆಲವು ರೋಗಿಗಳ ಗೆಡ್ಡೆಯಲ್ಲಿ ಆ ಸಣ್ಣ ಕೋಶಗಳ ಗುರುತು ಸಿಗುತ್ತದೆ, ಅಂಥವು ಜೋರಾಗಿ ಬೆಳೆಯುವುದೂ ಉಂಟು.

ಹೀಗಿರುವಾಗ ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ಸಿರೋಸಿಸ್ ಮಾಯ ಎನ್ನುವ ಜಾಹೀರಾತು ಬಂದರೆ ಒಂದು ವಿಷಯ ಗೊತ್ತಿರಲಿ. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಲಿವರ್ ಕಾಯಿಲೆಗೆ ಇದು ಒಪ್ಪಿತ ಚಿಕಿತ್ಸೆಯಲ್ಲ. ಅನುಮತಿ ಪಡೆದ ಪ್ರಯೋಗದ ಹೊರಗೆ ಕೊಡುವಂತಿಲ್ಲ, ಪ್ರಯೋಗದಲ್ಲಿ ಭಾಗವಹಿಸುವ ರೋಗಿಯಿಂದ ಅದಕ್ಕಾಗಿ ಹಣ ಕೇಳುವಂತೆಯೂ ಇಲ್ಲ.