ಆಕಾಶವಾಣಿಯ ಆದ್ಯರು: ಡಾ. ಎಂ. ವಿ. ಗೋಪಾಲಸ್ವಾಮಿ

ಹೈದರಾಬಾದಿನ ಹೋಟೆಲು, ಕಚೇರಿಗಳಲ್ಲಿ ದುಡಿಯುವ ನಮಗೆ ನಾಟಕ ನೋಡುವ ಬಿಡುವು ದುರ್ಲಭ. ನಾಟಕವನ್ನು ಕಿವಿಗೇ ತಂದುಕೊಟ್ಟ ಬಾನುಲಿಯ ಇತಿಹಾಸದಲ್ಲಿ ಈ ಮನಃಶಾಸ್ತ್ರ ಪ್ರಾಧ್ಯಾಪಕರನ್ನು ನಾವು ಮರೆಯಲಾಗದು.

1896ರಲ್ಲಿ ಜನಿಸಿದ ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಮನಃಶಾಸ್ತ್ರವನ್ನು ವ್ಯಾಸಂಗ ಮಾಡಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾದರು. 1935ರಲ್ಲಿ ನಮ್ಮ ಹೈದರಾಬಾದಿನ ಬಾನುಲಿಗೆ ನಿಜಾಮ್ ಸರ್ಕಾರದ ಬೊಕ್ಕಸವೇ ಆಸರೆಯಾಯಿತು. ಅದೇ ವರ್ಷದ ಸೆಪ್ಟೆಂಬರ್ 10ರಂದು ಇವರು ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ, ಸ್ವಂತ ಹಣದಿಂದ, ಕೇವಲ 30 ವಾಟ್ ಶಕ್ತಿಯ ಯಂತ್ರವಿಟ್ಟು ಪ್ರಸಾರವನ್ನಾರಂಭಿಸಿದರು. ನಗರಸಭೆಯ ನೆರವು ದೊರೆತುದು ಅನಂತರ.

ಬಾನುಲಿ ನಾಟಕಕ್ಕೆ ವೇಷವಿಲ್ಲ, ಪರದೆಯಿಲ್ಲ, ದೀಪವಿಲ್ಲ. ಪಾತ್ರಧಾರಿ ಸುಮ್ಮನೆ ನಿಂತನೆಂದರೆ ಕೇಳುಗನ ಪಾಲಿಗೆ ಅವನು ಇಲ್ಲವೇ ಇಲ್ಲ. ಕಣ್ಣೀರು ಗದ್ಗದದಲ್ಲಿಯೇ ತೋರಬೇಕು. ನಿರ್ಗಮನ ಮೈಕಿನಿಂದ ಹಿಂದೆ ಸರಿಯುವ ದನಿಯಲ್ಲಿಯೇ ತಿಳಿಯಬೇಕು. ಮಿಕ್ಕುದನ್ನೆಲ್ಲ ಕೇಳುಗನ ಮನಸ್ಸೇ ಚಿತ್ರಿಸಿಕೊಳ್ಳಬೇಕು. ಮನಸ್ಸನ್ನೇ ಅಭ್ಯಸಿಸಿದವರು ಇಂತಹ ಸಾಧನಕ್ಕೆ ಮನಸೋತುದು ಆಕಸ್ಮಿಕವಲ್ಲವೆಂದು ನಮ್ಮ ಭಾವನೆ.

1942ರಲ್ಲಿ ನಿಲಯವು ಮೈಸೂರು ಸರ್ಕಾರದ ವಶವಾಯಿತು. 1957ರಲ್ಲಿ ಅವರು ದಿವಂಗತರಾದರು. ಆದರೆ ಆ ಮನೆಯ ನಿಲಯ ಧರಿಸಿದ ‘ಆಕಾಶವಾಣಿ’ ಎಂಬ ನಾಮಧೇಯ ಇಡೀ ಭಾರತದ ಬಾನುಲಿಯದಾಯಿತು. ಅಲ್ಪ ಸಂಬಳದಲ್ಲಿ ಕನಸು ಕಾಣುವ ನಮ್ಮಂತಹವರಿಗೆ ಇದಕ್ಕಿಂತ ಧೈರ್ಯದ ಮಾತು ಬೇರೆ ಬೇಕೆ?